ಏಳು ಕೊಡದ ಮೇಷ್ಟ್ರು

ಚಿಲಿ ದೇಶವನ್ನೆಲ್ಲ ಜಾಲಾಡಿದರೂ ನನ್ನ ಗಂಡ ಆನ್ಸೆಲ್ಮೊನಂಥ ಹಟಮಾರಿ ಮೇಷ್ಟ್ರು ಇನ್ನೊಬ್ಬ ಸಿಗಲಾರ. ನಮ್ಮ ಬಂದರಿನೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ತಲೆ ನೆರೆಯುವವರೆಗೆ ಗಣಿತ ಕಲಿಸಿದ, ಒಂದು ಮಗುವಿಗೂ ಏಳು ಕೊಡಲಿಲ್ಲ. ನಮ್ಮಲ್ಲಿ ಅಂಕ ಇರುವುದೇ ಒಂದರಿಂದ ಏಳರವರೆಗೆ. ಇವನ ಮಟ್ಟಿಗೆ ಅದು ಆರಕ್ಕೇ ಮುಗಿಯುತ್ತಿತ್ತು. ನನ್ನ ಅಡುಗೆಗೂ ಅಷ್ಟೇ. ಮದುವೆಯಾದ ಹೊಸದರಲ್ಲಿ ಮಾಂಸ ತುಂಬಿದ ಎಂಪನಾಡ ಕಡುಬು ಮಾಡಿ, ಹೇಗಿದೆ ಎಂದು ಕೇಳಿದ್ದಕ್ಕೆ "ಐದೂವರೆ" ಅಂದಿದ್ದ. ಅವತ್ತೇ ನಾನು ಲಟ್ಟಣಿಗೆ ಎತ್ತಿಕೊಳ್ಳಬೇಕಿತ್ತು.

ಮೊದಲೆಲ್ಲ ಇದರಿಂದ ಯಾರಿಗೂ ದೊಡ್ಡ ನಷ್ಟವಿರಲಿಲ್ಲ. ವಿಶ್ವವಿದ್ಯಾಲಯ ಸೇರಲು ದೇಶಕ್ಕೆಲ್ಲ ಒಂದು ಪ್ರವೇಶ ಪರೀಕ್ಷೆ, ಹೆಚ್ಚುಕಮ್ಮಿ ಅದರದೇ ಲೆಕ್ಕ. ಆಮೇಲೆ ಹೈಸ್ಕೂಲಿನ ನಾಲ್ಕು ವರ್ಷದ ಅಂಕಕ್ಕೂ ತೂಕ ಹೆಚ್ಚಿಸಿದರು. ಬಡವರ ಮಕ್ಕಳಿಗೆ ಅನುಕೂಲವಾಗಲಿ ಅಂತಲೇ ಮಾಡಿದ್ದು. ಉಳಿದ ಮೇಷ್ಟ್ರುಗಳು ಕೈ ಸಡಿಲ ಬಿಟ್ಟರು. ಇವನು ಜಗ್ಗಲಿಲ್ಲ.

ಅಂಥ ಹೊತ್ತಿನಲ್ಲಿ ಇವನ ಕ್ಲಾಸಿಗೆ ಬಂದು ಬಿದ್ದವಳು ಅಯೆಲೆನ್. ಅವಳಮ್ಮ ಬಂದರಿನಲ್ಲಿ ಮೀನು ಹೆಚ್ಚುವವಳು. ಹುಡುಗಿಗೆ ಸೂಲಗಿತ್ತಿಯಾಗುವ ಆಸೆ. ಅದಕ್ಕೆ ಕಾನ್ಸೆಪ್ಸಿಯೋನ್ ನಗರದಲ್ಲಿ ಐದು ವರ್ಷ ಓದಬೇಕು, ಸೀಟಿಗೆ ನೂಕುನುಗ್ಗಲು. "ಇಂಥ ತಲೆ ನಾನು ನೋಡೇ ಇಲ್ಲ" ಅಂತ ಊಟಕ್ಕೆ ಕೂತಾಗಲೆಲ್ಲ ಇವನದು ಅದೇ ಮಾತು.

"ಹಂಗಾದ್ರೆ ಏಳು ಕೊಡು," ಅಂದೆ.

"ಏಳು ಅಂದ್ರೆ ಒಂದು ಕೊರತೆನೂ ಇರಬಾರ್ದು, ಎಡೆಲ್ಮಿರಾ. ಉತ್ತರ ಸರಿ ಬರೀತಾಳೆ, ಮಧ್ಯದ ಹೆಜ್ಜೆ ನುಂಗಿಬಿಡ್ತಾಳೆ."

"ನೀನೂ ಗುಳುಗುಳು ಅಂತ ಸೂಪು ನುಂಗ್ತಿದ್ದೀಯಲ್ಲ, ಯಾವ ಹೆಜ್ಜೆ ತೋರಿಸ್ದೆ?"

ಅವನು ನಗಲಿಲ್ಲ. ಐದು ಪಾಯಿಂಟ್ ಎಂಟು ಹಾಕಿದ. ನಾಲ್ಕು ವರ್ಷವೂ ಅದರ ಆಸುಪಾಸೇ.

ಆ ಕೊನೆಯ ವರ್ಷ ಗುಡ್ಡದ ಮೇಲಿನ ಫೀಸಿನ ಶಾಲೆಯ ಹುಡುಗಿಯೊಬ್ಬಳು ಶನಿವಾರ ಶನಿವಾರ ಇವನ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಭಿನ್ನರಾಶಿ ಕೂಡಿಸು ಅಂದರೆ ಕಿಟಕಿ ನೋಡುತ್ತಿದ್ದಳು. ಅವಳ ಶಾಲೆ ಅವಳಿಗೆ ಗಣಿತದಲ್ಲಿ ಏಳು ಕೊಟ್ಟಿತ್ತು. ಜನವರಿಯಲ್ಲಿ ಫಲಿತಾಂಶ ಬಂತು. ಸೂಲಗಿತ್ತಿ ಓದಿಗೆ ಅವಳು ಒಳಗೆ, ಅಯೆಲೆನ್ ಹೊರಗೆ. ಪ್ರವೇಶ ಪರೀಕ್ಷೆಯಲ್ಲಿ ಮುಂದಿದ್ದವಳು ಅಯೆಲೆನ್. ಅವಳನ್ನು ಕೆಳಗೆಳೆದದ್ದು ಶಾಲೆಯ ಅಂಕ. ಫೀಸಿನ ಶಾಲೆಯ ಹುಡುಗಿ ಕೃತಜ್ಞತೆಗೆಂದು ಕೇಕು ತಂದುಕೊಟ್ಟಳು, ಪಾಪ, ಅವಳದೇನು ತಪ್ಪು. ನಾನು ಅದನ್ನು ಇವನ ಮುಂದೆ ಕುಕ್ಕಿ, "ತಿನ್ನು. ತಿಂದು ಎಷ್ಟು ಅಂಕ ಅಂತ ಹೇಳು," ಅಂದೆ. ಮುಟ್ಟಲಿಲ್ಲ.

ಮಾರನೇ ದಿನ ಕೋಟು ಹಾಕಿಕೊಂಡು ಹೆಡ್‌ಮೇಷ್ಟ್ರ ಬಳಿ ಹೋದ, ಅಂಕ ತಿದ್ದಬೇಕು ಅಂತ. "ಈಗ ಬುದ್ಧಿ ಬಂತಾ, ಆನ್ಸೆಲ್ಮೊ?" ಅಂದರಂತೆ ಅವರು. "ಎಲ್ಲಾ ಸರ್ಕಾರಕ್ಕೆ ಹೋಗಿ ಆಯ್ತು. ಇನ್ನು ದೇವರೇ ಬಂದ್ರೂ ತಿದ್ದಕ್ಕಾಗಲ್ಲ."

ಪ್ರವೇಶ ಪರೀಕ್ಷೆಯನ್ನು ವರ್ಷವರ್ಷವೂ ಬರೆಯಬಹುದು. ಶಾಲೆಯ ಅಂಕ ಮಾತ್ರ ಹಚ್ಚೆಯ ಹಾಗೆ, ಒಮ್ಮೆ ಬಿದ್ದರೆ ಬಿತ್ತು. ಅಂಕದಲ್ಲಿ ಹೋದದ್ದನ್ನು ಪರೀಕ್ಷೆಯಲ್ಲಿ ತುಂಬಿಸುತ್ತೇನೆ ಎಂದು ಇವನು ಹೊರಟ. ಅಯೆಲೆನ್ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸಕ್ಕೆ ಸೇರಿ, ಸಂಜೆ ನಮ್ಮ ಮನೆಗೆ ಬರತೊಡಗಿದಳು. ಇಲ್ಲಿನ ಎಲ್ಲ ಮಕ್ಕಳ ಹಾಗೆ ಅವಳಿಗೂ ಮೇಷ್ಟ್ರು ಅಂದರೆ "ಪ್ರೊಫೆ". ನಾನು ಚಹಾ, ಬ್ರೆಡ್ಡು, ಅರೆದ ಬೆಣ್ಣೆಹಣ್ಣು ಇಡುತ್ತಿದ್ದೆ. ಅವರಿಬ್ಬರೂ ಚಹಾ ತಣ್ಣಗಾಗಲು ಬಿಟ್ಟು ಲೆಕ್ಕದ ಮೇಲೆ ಜಗಳವಾಡುತ್ತಿದ್ದರು. ಎರಡನೇ ಸಲ ಅವಳ ಪರೀಕ್ಷೆ ಇನ್ನೂ ಚೆನ್ನಾಯಿತು. ಸೀಟು ಸಿಗಲಿಲ್ಲ. ಮೂರನೇ ಸಲ ಗಣಿತದಲ್ಲಿ ತಪ್ಪೇ ಇರಲಿಲ್ಲ ಅನ್ನಬೇಕು, ಏರುವುದಕ್ಕೆ ಜಾಗವೇ ಉಳಿದಿರಲಿಲ್ಲ. ಆಗಲೂ ಕೂದಲೆಳೆಯಷ್ಟು ಕಡಿಮೆ ಬಿತ್ತು. ನಾನು ಅಡುಗೆಮನೆಗೆ ಹೋಗಿ ಒಂದು ತಟ್ಟೆ ಒಡೆದೆ. ಬೇಕಂತಲೇ ಒಡೆದೆ.

ಆ ವಾರ ಅಯೆಲೆನ್ ಇವನ ಪುಸ್ತಕಗಳನ್ನು ಹಿಂದಿರುಗಿಸಲು ಬಂದಳು. ಸೂಪರ್‌ಮಾರ್ಕೆಟ್ಟಿನಲ್ಲಿ ಅವಳ ಕೆಲಸ ಕಾಯಂ ಆಗಿತ್ತು.

"ಇನ್ನೊಂದು ವರ್ಷ ನೋಡೋಣಮ್ಮ," ಅಂದ ಇವನು.

"ಸಾಕು ಪ್ರೊಫೆ. ಅಮ್ಮಂಗೆ ಕೈ ನೋವು, ಚಾಕು ಹಿಡಿಯಕ್ಕಾಗ್ತಿಲ್ಲ."

ಪುಸ್ತಕದೊಳಗೆ ಅವಳು ಕೊನೆಗೆ ಮಾಡಿದ ಅಭ್ಯಾಸದ ಹಾಳೆಯಿತ್ತು. ಇವನು ನಿಂತಲ್ಲೇ ಅದನ್ನು ಮೇಲಿಂದ ಕೆಳಗೆ ಓದಿದ. ಒಂದು ಹೆಜ್ಜೆಯನ್ನೂ ಅವಳು ನುಂಗಿರಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು, ಮೇಲೆ ದೊಡ್ಡದಾಗಿ ಏಳು ಎಂದು ಬರೆದು, ಅವಳ ಕೈಗೆ ಕೊಟ್ಟ.

ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ವ್ಯಂಗ್ಯವಿಲ್ಲ, ಸಿಟ್ಟಿಲ್ಲ, ನಿಜವಾಗಿಯೇ ಕೇಳಿದಳು:

"ಇದನ್ನ ಎಲ್ಲಿ ಕೊಡ್ಲಿ, ಪ್ರೊಫೆ?"