ಡಾನ್ಸೋ, ಡ್ಯಾನ್ಸೋ

ಹಾನಗಲ್ಲಿನ ಇಂಗ್ಲಿಷ್ ಭಾಷಣ ಸ್ಪರ್ಧೆಯಲ್ಲಿ ತಿಳವಳ್ಳಿಯ ಹುಡುಗಿ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದಳು. ಮೂವರು ತೀರ್ಪುಗಾರರಲ್ಲಿ ನಾನೊಬ್ಬ. ಆಕೆ ‘ಡ್ಯಾನ್ಸ್’ ಎಂದದ್ದಕ್ಕೆ ಜೊತೆಯ ತೀರ್ಪುಗಾರರಾದ ಶಿಗ್ಗಾವಿಯ ಮಾಸ್ತರರು ಅಂಕ ಕತ್ತರಿಸಿದರು.

“ಅದು ಡಾನ್ಸ್ ರೀ. ನಮ್ಮ ಕಡೆ ಬ್ಯಾಡ, ಪ್ಯಾಟಿ ಅಂದಂಗ ಇಂಗ್ಲಿಷ್ ಮಾತಾಡಬಾರ್ದು.”

“ಅಮೆರಿಕಾದವ್ರೂ ಡ್ಯಾನ್ಸ್ ಅಂತಾರ್ರೀ ಸರ. ಅವ್ರೇನು ನಮ್ಮ ಸವಣೂರವ್ರೇನು?” ಎಂದರು ಇನ್ನೊಬ್ಬ ತೀರ್ಪುಗಾರ್ತಿ.

ಇಬ್ಬರೂ ಮೊಬೈಲ್ ತೆಗೆದರು. ಒಂದು ಡಾನ್ಸ್ ಎಂದಿತು, ಇನ್ನೊಂದು ಡ್ಯಾನ್ಸ್ ಎಂದಿತು.

“ಆಕಿ ಹೇಳಿದ್ದು ತಿಳೀತಿಲ್ಲೋ? ಮುಗಸ್ರಿ,” ಎಂದೆ. ಇಬ್ಬರೂ ಕಿವಿಗೊಡಲಿಲ್ಲ.

ಹುಡುಗಿಯ ಅವ್ವ ಬಾಗಿಲಿಗೆ ಬಂದಳು. “ನಮ್ಮೂರ ಕಡೀ ಬಸ್ಸು ಬಂದೈತ್ರಿ, ಇದರ ಮ್ಯಾಲ ಬ್ಯಾರೆ ಇಲ್ಲ. ಹೊಂಟ್ವಿ ನಾವು,” ಎಂದು ಮಗಳನ್ನು ಕರೆದುಕೊಂಡು ಹೋದಳು.

ಬಹಳ ಹೊತ್ತಿನ ಮೇಲೆ ಮಾಸ್ತರರು ಡ್ಯಾನ್ಸ್ ಕೂಡ ನಡೆಯುತ್ತದೆ ಎಂದು ಒಪ್ಪಿದರು. ಹೆಸರು ಕರೆದಾಗ ಎದುರಿಗೆ ಇಲ್ಲದವರಿಗೆ ಬಹುಮಾನವಿಲ್ಲ ಎಂಬುದು ಅಲ್ಲಿಯ ನಿಯಮ. ಮೊದಲ ಬಹುಮಾನ ಎರಡನೆಯವನಾಗಿದ್ದ ಹಾನಗಲ್ಲಿನ ಹುಡುಗನಿಗೆ ಹೋಯಿತು.