ಹೆಂಗಸರ ಕಡೆಯ ಮೂರನೇ ಬೆಂಚು

ನನ್ನ ಹೆಂಡತಿ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಇರುವುದಿಲ್ಲವೆಂದು ನಾನು ನವೆಂಬರಿನಲ್ಲೇ ಪ್ರಕಟಿಸಿದೆ. ಪ್ರಕಟಿಸಿದೆ ಎಂದರೆ ಪಕ್ಕದ ಮನೆಯ ಅಕ್ಕನಿಗೆ ಹೇಳಿದೆ. ಹೊಳಲ್ಕೆರೆಯ ನಮ್ಮ ಬೀದಿಗೆ ಅದಕ್ಕಿಂತ ದೊಡ್ಡ ಪ್ರಕಟಣೆ ಇನ್ನೊಂದಿಲ್ಲ.

ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬ ಮಾಡಬಾರದೆಂಬುದು ಈ ಸೀಮೆಯ ಪದ್ಧತಿ. ಬೈಬಲಿನಲ್ಲಿ ಹೀಗೆಂದು ಎಲ್ಲೂ ಬರೆದಿಲ್ಲ. ಆದರೆ ಬೈಬಲಿನಲ್ಲಿ ಬರೆಯದ ಹೋಳಿಗೆ, ಎಲೆಅಡಿಕೆ, ಬೀಗರ ಮುನಿಸು ಮುಂತಾದವು ನಮ್ಮ ಕ್ರೈಸ್ತ ಮನೆಗಳಲ್ಲಿ ತಲೆಮಾರುಗಳಿಂದ ಸುಖವಾಗಿ ಸಂಸಾರ ಮಾಡಿಕೊಂಡಿವೆ. ಇದೊಂದನ್ನು ಮಾತ್ರ ಹೊರಗೆ ಹಾಕಲು ಕಾರಣವಿರಲಿಲ್ಲ. ಅಕ್ಕನವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ತಾಳ್ಯದ ಹತ್ತಿರ ಹೊಲ, ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಅವರ ಧರ್ಮದಲ್ಲಿ ಸೂತಕವೇ ಇಲ್ಲವೆಂದು ಸ್ವಾಮಿಗಳು ಪ್ರವಚನದಲ್ಲಿ ಹೇಳುತ್ತಾರಂತೆ. ಅಕ್ಕ ಅದನ್ನು ಕಣ್ಣು ಮುಚ್ಚಿ ಭಕ್ತಿಯಿಂದ ಕೇಳಿಸಿಕೊಂಡು, ಮನೆಗೆ ಬಂದು ಸೂತಕ ಆಚರಿಸುತ್ತಾರೆ. ಗ್ರಂಥದ ವಿಷಯದಲ್ಲಿ ನಾವಿಬ್ಬರೂ ಒಂದೇ ಪಂಗಡದವರು.

"ಮಾಡಂಗಿಲ್ಲ ಬಿಡು," ಎಂದು ಅಕ್ಕ ತಕ್ಷಣ ತೀರ್ಪು ಕೊಟ್ಟರು. "ಎಣ್ಣೆ ಬಾಣಲಿ ಇಡಂಗಿಲ್ಲ, ನಕ್ಷತ್ರ ಕಟ್ಟಂಗಿಲ್ಲ, ಹೊಸ ಅಂಗಿ ಇಲ್ಲ. ಅವತ್ತಿಗೆ ತಿನ್ನಾಕೆ ಏನು ಬೇಕೋ ನಾವೇ ತಂದ್ಕೊಡ್ತೀವಿ."

ಚಿತ್ರದುರ್ಗದ ಪೇಟೆಯಿಂದ ಹೆಂಡತಿ ಎಂದೋ ತಂದಿದ್ದ ಕಾಗದದ ನಕ್ಷತ್ರ ಅಟ್ಟದ ಮೇಲೆ ಮಡಿಸಿದಂತೆಯೇ ಉಳಿಯಿತು. ತೀರ್ಪು ನನಗೆ ಅನುಕೂಲವಾಗಿಯೇ ಇತ್ತು. ಯಾಕೆಂದರೆ ಹಬ್ಬ ಬೇಡವೆನ್ನಲು ನನ್ನಲ್ಲಿದ್ದ ಕಾರಣವೇ ಬೇರೆ.

ನಮ್ಮ ದೇವಾಲಯದಲ್ಲಿ ಗಂಡಸರು ಬಲಗಡೆ, ಹೆಂಗಸರು ಎಡಗಡೆ. ಮದುವೆಯ ದಿನವೊಂದನ್ನು ಬಿಟ್ಟರೆ ನಾನೂ ನನ್ನ ಹೆಂಡತಿಯೂ ದೇವರ ಮುಂದೆ ಒಟ್ಟಿಗೆ ಕೂತವರಲ್ಲ. ಅವಳ ಜಾಗ ಹೆಂಗಸರ ಕಡೆಯ ಮೂರನೇ ಬೆಂಚು, ಕಿಟಕಿಯ ಪಕ್ಕ. ನನ್ನದು ಗಂಡಸರ ಕಡೆ, ಒಂದು ಬೆಂಚು ಹಿಂದೆ, ನಡುದಾರಿಯ ಪಕ್ಕ. ಪ್ರಸಂಗದ ಉಪದೇಶ ನಡೆಯುವಾಗ ಕತ್ತು ತುಸು ಹೊರಳಿಸಿದರೆ ನಾನು ತೂಕಡಿಸುವುದು ಕಾಣಲಿ ಎಂದು ಅವಳು ಆ ಜಾಗ ಹಿಡಿದಿದ್ದಳು. ಅವಳು ನೋಡುತ್ತಿದ್ದಾಳೋ ಇಲ್ಲವೋ ತಿಳಿಯಲಿ ಎಂದು ನಾನು ಈ ಜಾಗ ಹಿಡಿದಿದ್ದೆ. ನಮ್ಮ ದಾಂಪತ್ಯದ ಭಕ್ತಿಭಾಗವೆಲ್ಲ ಹೀಗೆ ನಡುದಾರಿಗೆ ಅಡ್ಡಲಾಗಿ ನಡೆದುಹೋಯಿತು.

ಅವಳು ಹೋದ ಮೇಲೆ ಸಭೆಯ ಹೆಂಗಸರು, ಯಾರೂ ಹೇಳದೆಯೇ, ಆ ಜಾಗವನ್ನು ಖಾಲಿ ಬಿಟ್ಟರು. ಉಳಿದ ಬೆಂಚುಗಳಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತರೇ ಹೊರತು ಮೂರನೆಯದರ ಕಿಟಕಿ ತುದಿಗೆ ಯಾರೂ ಹೋಗಲಿಲ್ಲ. ಗೌರವ ದೊಡ್ಡದು. ಆದರೆ ಆ ಗೌರವವನ್ನು ಭಾನುವಾರ ಭಾನುವಾರ ನೋಡುತ್ತ ಕೂರಬೇಕಾದವನು ನಾನು. ಕೆಲವು ಭಾನುವಾರ ನೋಡಿದೆ. ಆಮೇಲೆ ಮಂಡಿನೋವು ಎಂದು ಮನೆಯಲ್ಲೇ ಉಳಿದೆ. ಮಂಡಿ ನೋಯುತ್ತಲೂ ಇತ್ತು, ಸುಳ್ಳಲ್ಲ.

ಹಿರಿಯೂರಿಗೆ ಕೊಟ್ಟ ಮಗಳು ಫೋನು ಮಾಡಿದಳು. "ಹಬ್ಬ ಬ್ಯಾಡ ಅಂದ್ರೆ ಬಿಡಪ್ಪ. ಚರ್ಚಿಗಾದ್ರೂ ಹೋಗು. ಅಮ್ಮ ಇದ್ದಿದ್ರೆ ನಿನ್ನ ಸುಮ್ನೆ ಬಿಡ್ತಿದ್ಲಾ?"

"ಇದ್ದಿದ್ರೆ ನಾನೇ ಹೋಗ್ತಿದ್ನಲ್ಲವ್ವ," ಎಂದೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳೆಂದು ಹೇಳಿ ಅವಳು ಫೋನಿಟ್ಟಳು.

ಡಿಸೆಂಬರಿನ ಒಂದು ಸಂಜೆ ನಮ್ಮ ಸಭಾಪಾಲಕರು ಮನೆಗೆ ಬಂದರು. ನಾವು ಅವರನ್ನು ಅಯ್ಯನವರು ಎನ್ನುತ್ತೇವೆ. ಇನ್ನೂ ಚಿಕ್ಕ ವಯಸ್ಸು, ಬೇರೆ ಜಿಲ್ಲೆಯವರು. ಹೊಳಲ್ಕೆರೆ, ಹೊಸದುರ್ಗ ಎರಡೂ ಸಭೆಗಳ ಭಾರ ಅವರ ಮೇಲೇ. ಹಾಗಾಗಿ ಕ್ರಿಸ್‌ಮಸ್ ದಿನ ಕ್ರಿಸ್ತನು ಬೆಳಕು ಹರಿಯುವಾಗ ನಮ್ಮಲ್ಲಿ ಹುಟ್ಟಿ, ಅಯ್ಯನವರು ಒಂದು ಲೋಟ ಕಾಫಿ ಕುಡಿದು ಬೈಕು ಏರಿದ ಮೇಲೆ, ಹೊಸದುರ್ಗದಲ್ಲಿ ಇನ್ನೊಮ್ಮೆ ಹುಟ್ಟಬೇಕಾಗುತ್ತದೆ. ಎರಡೂ ಕಡೆ ತಡವಾಗುವಂತಿಲ್ಲ.

ಅವರು ಬಂದದ್ದು ಪಾಠದ ವಿಷಯಕ್ಕೆ. ಕ್ರಿಸ್ತಜನನದ ಪಾಠವನ್ನು ಪ್ರತಿ ವರ್ಷ ಓದುವವನು ನಾನು. ಇದಕ್ಕೆ ನನ್ನ ಭಕ್ತಿ ಕಾರಣವಲ್ಲ. ತಾಲ್ಲೂಕು ಕಚೇರಿಯಲ್ಲಿ ಸೇವೆ ಸವೆಸಿದವನಾದ್ದರಿಂದ, ಚಕ್ರವರ್ತಿಯ ಆಜ್ಞೆ, ಜನಗಣತಿ, ಪ್ರತಿಯೊಬ್ಬನೂ ಸ್ವಂತ ಊರಿಗೆ ಹೋಗಿ ಹೆಸರು ಬರೆಸತಕ್ಕದ್ದು ಎಂಬ ಭಾಗ ನನ್ನ ಬಾಯಲ್ಲಿ ನಿಜದ ಸುತ್ತೋಲೆಯಂತೆ ಕೇಳುತ್ತದೆಂದು ಸಭೆಯ ಅಭಿಪ್ರಾಯ. ನಾನೂ ಜನಗಣತಿಗೆ ಮನೆ ಮನೆ ತಿರುಗಿದವನೇ. ತುಂಬು ಬಸುರಿಯನ್ನು ಹೆಸರು ಬರೆಸಲು ಊರಿಂದೂರಿಗೆ ನಡೆಸುವ ಸರ್ಕಾರ ಎಂಥದ್ದೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ಲೋಕರಕ್ಷಕನು ಹುಟ್ಟಿದ್ದು ಒಂದು ಸರ್ಕಾರಿ ಕಿರುಕುಳದ ನಡುವೆ ಎಂಬುದು ನನಗೆ ಸೇವೆಯುದ್ದಕ್ಕೂ ಸಮಾಧಾನ ಕೊಟ್ಟ ಸಂಗತಿ.

"ವರ್ಷ ತುಂಬಿಲ್ಲ ಅಯ್ಯಾ. ಈ ಸಲ ಬೇರೆಯವರ ಕೈಲಿ ಓದಿಸಿ," ಎಂದೆ.

"ನಮ್ಮ ವಿಶ್ವಾಸದಲ್ಲಿ ಹಾಗೇನೂ ಇಲ್ಲ ಸಾರ್," ಎಂದರು ಅಯ್ಯನವರು.

"ಊರಾಗೆ ಐತಲ್ರಿ," ಎಂದಿತು ಒಂದು ದನಿ. ಅಕ್ಕ ನಮ್ಮ ಜಗಲಿಯ ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರ ಮನೆಯಲ್ಲೂ ಜಗಲಿ ಇದೆ. ಆದರೆ ಅಲ್ಲಿಂದ ನಮ್ಮ ಮಾತು ಪೂರ್ತಿ ಕೇಳಿಸುವುದಿಲ್ಲ.

ಅಯ್ಯನವರು ಅವರ ಕಡೆ ತಿರುಗಿದರು. "ಅಮ್ಮಾ, ಕ್ರಿಸ್‌ಮಸ್ ಅಂದರೆ ಬರೀ ಹಬ್ಬ ಅಲ್ಲ. ದೇವರೇ ಕೂಸಾಗಿ ನಮ್ಮ ನಡುವೆ ಹುಟ್ಟಿಬಂದ ದಿನ."

"ಗೊತ್ತೈತೆ ಬಿಡ್ರಿ, ತಂಗಿ ಹೇಳಿದ್ಲು. ಅದೆಲ್ಲ ಆಗಿ ಎಷ್ಟು ಕಾಲ ಆತು! ಈಗ ನೀವು ಮಾಡೋದು ಹಬ್ಬ ತಾನೆ?" ತಂಗಿ ಎಂದರೆ ನನ್ನ ಹೆಂಡತಿ.

"ಆಗಿ ಮುಗಿದದ್ದಲ್ಲಮ್ಮ. ಪ್ರತಿ ವರ್ಷ ಅವನು ನಮ್ಮ ನಮ್ಮ ಹೃದಯದಲ್ಲಿ ಹುಟ್ಟಬೇಕು. ಅದೇ ನಿಜವಾದ ಕ್ರಿಸ್‌ಮಸ್."

ಈ ಮಾತನ್ನು ಒಬ್ಬರ ಮೇಲೊಬ್ಬರು ಬಂದ ಸಭಾಪಾಲಕರೆಲ್ಲ ವೇದಿಕೆಯಿಂದ ಹೇಳಿದ್ದಾರೆ. ನಾನು ಅದಕ್ಕೆ ತಪ್ಪದೆ ತೂಕಡಿಸಿದ್ದೇನೆ. ಅಕ್ಕ ಮಾತ್ರ ಅವರೆಕಾಯಿಯನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದರು.

"ಪ್ರತಿ ವರ್ಷ ಹುಟ್ತಾನಾ?"

"ಹೌದಮ್ಮ."

"ಈ ವರ್ಷನೂ?"

"ಈ ವರ್ಷವೂ."

"ಅದನ್ನ ಮೊದ್ಲೇ ಹೇಳಬಾರ್ದೇನ್ರಿ!" ಎಂದ ಅಕ್ಕ ನನ್ನತ್ತ ತಿರುಗಿದರು. "ಏನಪ್ಪ, ನೀನು ಹಬ್ಬ ಅಂದಿ, ನಾನೂ ಹೂಂ ಅಂದೆ. ಹಬ್ಬ ಆದ್ರೆ ಮುಂದಿನ ವರ್ಷಕ್ಕೆ ಹಾಕ್ಬೋದು. ಹೆರಿಗೆ ಮುಂದಕ್ಕೆ ಹಾಕಾಕೆ ಆಗ್ತೈತಾ?"

ಕಚೇರಿಯಲ್ಲಿ ಕಲಿತ ಬುದ್ಧಿ, ಹಳೆಯ ನಿದರ್ಶನ ತೆಗೆದೆ. "ಅಕ್ಕಾ, ಕೃಷ್ಣಾಷ್ಟಮಿನೂ ಹುಟ್ಟಿದ್ದೇ ಅಲ್ವಾ? ಸಾವಾದ ಮನೇಲಿ ಅದನ್ನ ಮಾಡ್ತಾರಾ?"

"ಅದು ನಮ್ಮಲ್ಲಿ ಇಲ್ಲ," ಎಂದು ಅಕ್ಕ ಆ ಬಾಗಿಲನ್ನು ಮುಚ್ಚಿಬಿಟ್ಟರು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದರು. "ನಮ್ಮತ್ತಿ ಹೋದ ಮೂರನೇ ದಿನಕ್ಕೆ ನಂಗೆ ನೋವು ಬಂತು. ಮನೆ ತುಂಬ ಅಳೋ ಹೆಣ್ಮಕ್ಕಳು. ಯಾರಾದ್ರೂ ಆ ಕೂಸಿಗೆ, ಲೇ, ವರ್ಷ ತುಂಬ್ಲಿ ತಡಿ ಅಂದ್ರಾ? ಅಳೋರೆಲ್ಲ ಅಳ್ತಾ ಅಳ್ತಾನೇ ಎದ್ದು ಒಲಿ ಮೇಲೆ ನೀರಿಟ್ರು."

ಅಯ್ಯನವರು ತಾವು ಗೆದ್ದರೋ ಸೋತರೋ ತಿಳಿಯದೆ ಕಾಫಿ ಲೋಟವನ್ನು ಕೆಳಗಿಟ್ಟರು. ನನಗೂ ತಿಳಿಯಲಿಲ್ಲ. ಇಷ್ಟು ವರ್ಷ ಚಕ್ರವರ್ತಿಯ ಆಜ್ಞೆಯನ್ನು ಓದಿದವನು ನಾನು, ಆ ಕೊಟ್ಟಿಗೆಯಲ್ಲಿ ನೀರು ಕಾಸಿದವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಬಾಣಲಿ ಬ್ಯಾಡ, ನಕ್ಷತ್ರ ಬ್ಯಾಡ. ಅವು ಹಬ್ಬದವು," ಎಂದು ಅಕ್ಕ ತಿದ್ದುಪಡಿಯಾದ ತೀರ್ಪನ್ನು ಓದಿದರು. "ಕೂಸು ನೋಡಾಕೆ ಮಾತ್ರ ಹೋಗ್ಲೇಬೇಕು. ನಾನೂ ಬರ್ತೀನಿ. ನಿನ್ನೊಬ್ಬನ್ನ ನಂಬಿ ಕಳ್ಸಿದ್ರೆ ಅರ್ಧ ದಾರಿಗೆ ಮಂಡಿ ಅಂತೀಯ."

ಕ್ರಿಸ್‌ಮಸ್ ಬೆಳಿಗ್ಗೆ ಚಳಿ ಚೆನ್ನಾಗಿಯೇ ಬಿದ್ದಿತ್ತು. ನಾನು ಹಳೆಯ ಅಂಗಿಯನ್ನೇ ಒಗೆದು ತೊಟ್ಟುಕೊಂಡೆ. ಅಕ್ಕ ತಲೆಯ ಮೇಲೆ ಸೆರಗು, ಅದರ ಮೇಲೆ ಶಾಲು, ಕೈಯಲ್ಲಿ ಒಂದು ಬಟ್ಟೆಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಡಿ, ಹೋಗಾಣ. ತಡ ಆದ್ರೆ ಹುಟ್ಟಿಬಿಡ್ತೈತೆ."

ದೇವಾಲಯದ ಮುಂಭಾಗದಲ್ಲಿ ಎಂದಿನಂತೆ ಗೋದಲಿ ಕಟ್ಟಿದ್ದರು. ಹಿಂದಿನ ಬೀದಿಯ ಕುರುಬರ ಮನೆಯಿಂದ ಎರವಲು ತಂದ ಕಂಬಳಿಯೇ ಬೆಟ್ಟ, ಅವರೇ ಕೊಟ್ಟ ಹುಲ್ಲೇ ಕೊಟ್ಟಿಗೆ. ಮರಿಯಳೂ ಯೋಸೇಫನೂ ಗೇಣುದ್ದದ ಗೊಂಬೆಗಳು, ಕೂಸು ಬೆರಳುದ್ದ. ಅಕ್ಕ ಚಪ್ಪಲಿಯನ್ನು ಹೊರಗೆ ಬಿಟ್ಟು, ನಡುದಾರಿಯಲ್ಲಿ ನೇರವಾಗಿ ನಡೆದು, ಇಡೀ ಸಭೆ ನೋಡುತ್ತಿದ್ದಂತೆ ಗೋದಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಚೀಲದಿಂದ ಒಣಕೊಬ್ಬರಿಯ ಬಟ್ಟಲು, ಬೆಲ್ಲದ ಅಚ್ಚು ತೆಗೆದು ಮರಿಯಳ ಮುಂದಿಟ್ಟರು. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದು ನಮ್ಮ ಕಡೆ ಇಲ್ಲ. ಕೊನೆಗೆ ತಮ್ಮ ಮೊಮ್ಮಗನ ಕೆಂಪು ಕುಲಾವಿಯನ್ನು ತೆಗೆದು ಕೂಸಿಗೆ ತೊಡಿಸಿದರು. ಕುಲಾವಿ ನಿಜದ ಕೂಸಿನ ಅಳತೆಯದು. ಲೋಕರಕ್ಷಕನು ತಲೆಯಿಂದ ಕಾಲಿನ ತನಕ ಅದರೊಳಗೆ ಕಾಣೆಯಾದನು.

"ಚಳಿ ಐತೆ," ಎಂದರು ಅಕ್ಕ, ಅಯ್ಯನವರಿಗೆ.

ಅಯ್ಯನವರು ಕುಲಾವಿಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಹೌದಮ್ಮ," ಎಂದು ಹೇಳಿ ಆರಾಧನೆ ಆರಂಭಿಸಿದರು.

ಅಕ್ಕ ಎದ್ದು ಕೂರಲು ಜಾಗ ಹುಡುಕಿದರು. ವರ್ಷಕ್ಕೊಮ್ಮೆ ಬರುವವರೂ ಬಂದ ದಿನ, ಬೆಂಚುಗಳೆಲ್ಲ ತುಂಬಿದ್ದವು. ಅವರ ಕಣ್ಣು ಮೂರನೇ ಬೆಂಚಿನ ಕಿಟಕಿ ತುದಿಯ ಮೇಲೆ ನಿಂತಿತು. ನಾನು ಉಸಿರು ಬಿಡುವುದರೊಳಗೆ ಅಕ್ಕ, "ಸ್ವಲ್ಪ ಸರೀರವ್ವ," ಎನ್ನುತ್ತ ಒಳಗೆ ತೂರಿಕೊಂಡು ಅಲ್ಲಿ ಕೂತು, ಶಾಲು ಸರಿಮಾಡಿಕೊಂಡರು.

ಹೆಂಗಸರ ಕಡೆ ಒಂದು ಗಾಬರಿ ಬೆಂಚಿನಿಂದ ಬೆಂಚಿಗೆ ಹೋಯಿತು. ಸಭೆಯ ಖಜಾಂಚಿಯ ಹೆಂಡತಿ ಹಿಂದಿನ ಬೆಂಚಿನಿಂದ ಅರ್ಧ ಎದ್ದು, ಅಕ್ಕನ ಭುಜ ಮುಟ್ಟಿ ಹೇಳಲೋ ಬೇಡವೋ ಎಂಬಂತೆ ನನ್ನ ಮುಖ ನೋಡಿದರು. ಹೇಳಬಹುದಿತ್ತು. ಹೇಳಿದ್ದರೆ ಅಕ್ಕ ಖಂಡಿತ ಎದ್ದುಬಿಡುತ್ತಿದ್ದರು, ಜಾಗ ಮತ್ತೆ ಖಾಲಿಯಾಗುತ್ತಿತ್ತು, ನಾನು ಮತ್ತೆ ಅದನ್ನು ನೋಡುತ್ತ ಕೂರುತ್ತಿದ್ದೆ. ಬೇಡವೆಂದು ತಲೆಯಾಡಿಸಿದೆ. ಅವರು ಕೂತರು.

ಪಾಠಕ್ಕೆ ನನ್ನನ್ನು ಕರೆದರು. ಚಕ್ರವರ್ತಿಯ ಆಜ್ಞೆ ಗಟ್ಟಿಯಾಗಿ ಹೊರಟಿತು, ಜನಗಣತಿ ಕ್ರಮವಾಗಿ ನಡೆಯಿತು, ಯೋಸೇಫನು ತನ್ನ ಊರು ತಲುಪಿದನು. ಮರಿಯಳಿಗೆ ದಿನ ತುಂಬಿದ ಕಡೆ ನನ್ನ ಕಣ್ಣು ರೂಢಿಯ ಪ್ರಕಾರ ಹೆಂಗಸರ ಕಡೆಗೆ ಹೋಯಿತು. ಪ್ರತಿ ವರ್ಷ ಅಲ್ಲಿಗೆ ಬರುವಾಗ ನನ್ನ ಓದು ಓಟ ಹಿಡಿದಿರುತ್ತಿತ್ತು, ನನ್ನ ಹೆಂಡತಿ ಅಂಗೈಯನ್ನು ಮೆಲ್ಲಗೆ ಕೆಳಗೆ ಮಾಡಿ, ನಿಧಾನ ಎನ್ನುತ್ತಿದ್ದಳು. ಈಗ ಅಲ್ಲಿ ವಿಭೂತಿಯ ಹಣೆಯೊಂದು ಕಂಡಿತು. ನನ್ನ ದನಿ ನಿಂತುಹೋಯಿತು.

ಸಭೆಗೆ ವಿಷಯ ಅರ್ಥವಾಗಿರಬೇಕು, ಎಲ್ಲರೂ ಮರ್ಯಾದೆಗೆ ತಲೆ ತಗ್ಗಿಸಿದರು. ಅಕ್ಕ ಮಾತ್ರ ತಗ್ಗಿಸಲಿಲ್ಲ. ಮುಂದಿನ ಬೆಂಚಿನ ಬೆನ್ನು ಹಿಡಿದು ಮುಂದಕ್ಕೆ ಬಾಗಿ, ಗದ್ದ ಎತ್ತಿ, "ಹೂಂ, ಆಮೇಲೆ?" ಎಂಬಂತೆ ನನ್ನನ್ನು ದುರುಗುಟ್ಟಿ ನೋಡಿದರು. ಉಳಿದವರಿಗೆಲ್ಲ ಕತೆ ಗೊತ್ತು. ಕೂಸಿಗೆ ಆಗಲೇ ಕುಲಾವಿ ತೊಡಿಸಿದ್ದರೂ, ಆ ಇಡೀ ದೇವಾಲಯದಲ್ಲಿ ಹೆರಿಗೆ ಸುಸೂತ್ರವಾಗುತ್ತದೋ ಇಲ್ಲವೋ ಎಂದು ನಿಜವಾಗಿ ಆತಂಕದಲ್ಲಿದ್ದವರು ಅವರೊಬ್ಬರೇ. ಅವರನ್ನು ಕಾಯಿಸುವುದು ಸರಿಯಲ್ಲವೆನಿಸಿತು.

ಮುಂದಕ್ಕೆ ಓದಿದೆ. ಕೂಸು ಹುಟ್ಟಿತು. ಛತ್ರದಲ್ಲಿ ಅವರಿಗೆ ಜಾಗವಿರಲಿಲ್ಲವೆಂಬ ಭಾಗವನ್ನೂ ಓದಿ, ಪುಸ್ತಕ ಮುಚ್ಚಿ, ನನ್ನ ಜಾಗಕ್ಕೆ ಬಂದು ಕೂತೆ. ಮಂಡಿ ನೋಯುತ್ತಿತ್ತು.

ಅಯ್ಯನವರು ಹೊಸದುರ್ಗಕ್ಕೆ ಹೊರಟ ಮೇಲೆ ನಾವಿಬ್ಬರೂ ಮನೆಯ ದಾರಿ ಹಿಡಿದೆವು. ಅಕ್ಕ ಖಾಲಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ನಡೆದರು. ಬೀದಿಯ ತಿರುವಿನಲ್ಲಿ ನಿಂತರು.

"ಛತ್ರದಾಗೆ ಜಾಗ ಇರ್ಲಿಲ್ಲ ಅಂತ ಓದಿದ್ಯಲ್ಲ, ಆ ಛತ್ರದ ಯಜಮಾನಪ್ಪ ಒಳಗೆ ಹೋಗಿ ಸರಿಯಾಗಿ ನೋಡಿರಲ್ಲ ತಗಾ. ಇಲ್ಲೇ ನೋಡು, ಅಷ್ಟು ಜನದಾಗೂ ನಂಗೆ ಕಿಟಕಿ ಪಕ್ಕ ಸಿಕ್ತು."

"ಹೌದಕ್ಕ," ಎಂದೆ.

ಮುಂದಿನ ಭಾನುವಾರ ಮಂಡಿಯನ್ನು ಕೇಳದೆ ಆರಾಧನೆಗೆ ಹೋದೆ. ಮೂರನೇ ಬೆಂಚಿನ ಕಿಟಕಿ ತುದಿಯಲ್ಲಿ ಖಜಾಂಚಿಯ ಹೆಂಡತಿ ಸ್ವಲ್ಪ ಸಂಕೋಚದಿಂದ ಕೂತಿದ್ದರು. ನನ್ನನ್ನು ನೋಡಿ ಏಳಲು ಹೋದರು, ನಾನು ನೋಡದವನಂತೆ ಚಳಿಗೆ ನಿಲ್ಲಿಸಿಟ್ಟಿದ್ದ ಮೇಲಿನ ಫ್ಯಾನನ್ನು ನೋಡಿದೆ. ಪ್ರಸಂಗ ಶುರುವಾದಾಗ ನನಗೆ ಬಹಳ ದಿನಗಳ ಮೇಲೆ ತೂಕಡಿಕೆ ಬಂತು.