ಅಂಗಳದ ಬೆಂಚಿಗೆ ಅರಗಿನ ಪಾಲಿಶ್

ಅವರು ಪಾಲಿಶ್ ಮಾಡಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ಯಾರೋ ಹೇಳಿದ್ದೇ ನೆಪವಾಗಿ ಕನ್ನಡಿ ಮೇಸ್ತ್ರಿ ಎಂಬ ಹೆಸರು ಅಂಟಿಕೊಂಡಿತು. ಕುರ್ಚಿ ಮೇಜಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆ ಸುತ್ತಿದ ಹತ್ತಿಯುಂಡೆಯಿಂದ ತೀಡುತ್ತಾ ತೀಡುತ್ತಾ ಅವರ ಕೂದಲು ನರೆತಿತ್ತು. ಯಾರ ಮನೆಗೆ ಹೋದರೂ ಮೊದಲು ಕುರ್ಚಿಯ ಬೆನ್ನು ಸವರಿ, "ಯಾವನೋ ಗಡಿಬಿಡಿ ಮಾಡಿದಾನೆ" ಎಂದು ತೀರ್ಪು ಕೊಟ್ಟೇ ಕೂರುತ್ತಿದ್ದರು. ಅವರ ಕೆಲಸಕ್ಕೆ ಹೆಸರಿಡುವವರು ಯಾರೂ ಇರಲಿಲ್ಲ. ಹಾಗಾಗಿ ಬುದ್ಧಿ ಹೇಳುವವರೂ ಇರಲಿಲ್ಲ.

ಮಗಳು ಹೊಸ ಮನೆಗೆ ಹೋದಾಗ ಅಂಗಳಕ್ಕೆಂದು ಒಂದು ಮರದ ಬೆಂಚು ಮಾಡಿಸಿದಳು. ಅದರ ಮೇಲೆ ಸೂರಿರಲಿಲ್ಲ.

"ಅಪ್ಪಾ, ಇದಕ್ಕೆ ಅಗಸೆ ಎಣ್ಣೆ ಸಾಕಂತೆ. ಮರ ಎಷ್ಟು ಕುಡಿಯುತ್ತೋ ಅಷ್ಟು ಕುಡಿಸಿ, ಮಿಕ್ಕಿದ್ದನ್ನ ಒರೆಸೋದಂತೆ. ಬಡಗಿ ಹೇಳಿದ್ರು," ಎಂದಳು.

"ಎಣ್ಣೆ ಹಚ್ಚೋಕೆ ಅದೇನು ತಲೆಕೂದ್ಲಾ? ಪಾಲಿಶ್ ಬರದೇ ಇರೋರು ಹೇಳೋ ಮಾತು ಅದು."

"ಮಳೆಗೆ ಪಾಲಿಶ್ ನಿಲ್ಲಲ್ವಂತೆ."

"ನಂಗೆ ಹೇಳ್ಕೊಡ್ತೀಯಾ ನೀನು?"

ನಿಜ ಹೇಳಬೇಕೆಂದರೆ, ಮಳೆಯಲ್ಲಿ ನಿಲ್ಲುವ ಸಾಮಾನಿಗೆ ಮೇಸ್ತ್ರಿ ಜನ್ಮದಲ್ಲಿ ಕೈ ಹಚ್ಚಿರಲಿಲ್ಲ. ಅವರು ತೀಡಿದ್ದೆಲ್ಲ ಮನೆಯೊಳಗೆ, ಪರದೆಯ ನೆರಳಲ್ಲಿ ಇರುವಂಥವು. ನಂಗೆ ಗೊತ್ತಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ಆ ಮಾತು ಬಾಯಿಗೆ ಬರುವುದೆಲ್ಲಿಂದ? ಉಪ್ಪುಕಾಗದದಿಂದ ಉಜ್ಜಿ, ಅರಗಿನ ಪಾಲಿಶನ್ನು ಪದರದ ಮೇಲೆ ಪದರ ಕೊಟ್ಟು, ಬೆಂಚನ್ನು ಮಿರಮಿರ ಮಿಂಚಿಸಿದರು. ಮಗಳು ಮತ್ತೆ ವಾದಿಸಲಿಲ್ಲ. "ಚೆನ್ನಾಗಿದೆ ಅಪ್ಪಾ," ಎಂದಳು.

ಮಳೆಯೆಲ್ಲ ಕಳೆದ ಮೇಲೆ ಮೇಸ್ತ್ರಿ, ಬರುತ್ತೇನೆಂದು ಮೊದಲೇ ಹೇಳಿ, ಮಗಳ ಮನೆಗೆ ಹೋದರು. ಬೀಗರೂ ಬಂದಿದ್ದರು. ಅಳಿಯನ ಅಪ್ಪ ಮನಸ್ಸಿನಲ್ಲಿದ್ದದ್ದನ್ನು ನಾಲಿಗೆಯ ಮೇಲಿಟ್ಟುಕೊಂಡೇ ಓಡಾಡುವ ಮನುಷ್ಯ. ಬೆಂಚಿಗೆ ಹೊದಿಸಿದ್ದ ಹಳೆಯ ದುಪ್ಪಟಿಯನ್ನು ಎತ್ತಿ ನೋಡುತ್ತಿದ್ದರು. ಪಾಲಿಶ್ ಬೆಳ್ಳಗೆ ಮಸುಕಾಗಿತ್ತು. ಕೈಹಿಡಿಗಳ ಮೇಲಂತೂ ಬಿಸಿಲಿಗೆ ಸುಲಿದ ಚರ್ಮದ ಹಾಗೆ ಎದ್ದು, ಕೆಳಗಿನ ಮರ ಕಪ್ಪಿಟ್ಟಿತ್ತು. ಮೇಸ್ತ್ರಿ ಗೇಟಿನ ಬಳಿಯೇ ನಿಂತುಬಿಟ್ಟರು. ಆ ದುಪ್ಪಟಿ ತಮ್ಮ ಕಣ್ಣಿಗೆ ಬೀಳದಿರಲೆಂದೇ ಹೊದಿಸಿದ್ದು ಎಂಬುದು ಅವರಿಗೆ ತಿಳಿಯದೆ ಹೋಗಲಿಲ್ಲ.

"ಇದ್ಯಾವ ಪುಣ್ಯಾತ್ಮನ ಕೆಲಸಮ್ಮಾ?" ಎಂದರು ಬೀಗರು.

ಕಾಫಿ ತಂದ ಮಗಳು ಗೇಟಿನ ಕಡೆ ನೋಡಿದಳು. ಅಪ್ಪ ಕಂಡರು. "ನಾನೇ ಮಾವ. ಏನೋ ಒಂದು ತಂದು ಹಚ್ಚಿಬಿಟ್ಟೆ."

"ಮನೇಲೇ ಅಂಥಾ ಮೇಸ್ತ್ರಿ ಇಟ್ಕೊಂಡು? ಅಪ್ಪನ್ನ ಒಂದು ಮಾತು ಕೇಳೋದಲ್ವಾ?"

"ಅವ್ರಿಗೆ ಪುರುಸೊತ್ತಿರ್ಲಿಲ್ಲ."

ಮೇಸ್ತ್ರಿಗೆ ಕಿವಿಯವರೆಗೂ ಬಿಸಿಯೇರಿತು. ಈಗಲೇ ಹೇಳಬೇಕು, ನಾನು ಮಾಡಿದ್ದು ಅನ್ನಬೇಕು. ಗೇಟಿನ ಚಿಲಕ ಹಾಕುವ ನೆಪದಲ್ಲಿ ಬೆನ್ನು ತಿರುಗಿಸಿದವರು, ಆ ಚಿಲಕವನ್ನು ಹಾಕುತ್ತಲೇ ಇದ್ದರು.

"ಓ, ಬನ್ನಿ ಬೀಗ್ರೇ. ಒಳ್ಳೇ ಹೊತ್ತಿಗೆ ಬಂದ್ರಿ," ಎಂದರು ಅಳಿಯನ ಅಪ್ಪ. "ನೀವೇ ಹೇಳಿ, ಹೊರಗಿಡೋ ಬೆಂಚಿಗೆ ಏನು ಹಚ್ಬೇಕಿತ್ತು?"

ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಮರ್ಯಾದೆ ಉಳಿದರೆ ಸಾಕು ಎನ್ನುವ ಆಸೆ ಎಷ್ಟು ಕೀಳು ಎಂದು ಗೊತ್ತಿದ್ದೂ ಮೇಸ್ತ್ರಿಗೆ ಅದನ್ನು ಬಿಡಲಾಗಲಿಲ್ಲ.

"ಅಗಸೆ ಎಣ್ಣೆ," ಎಂದರು. "ಮರ ಎಷ್ಟು ಕುಡಿಯುತ್ತೋ ಅಷ್ಟು ಕುಡಿಸ್ಬೇಕು. ಮಿಕ್ಕಿದ್ದನ್ನ ಒರೆಸ್ಬೇಕು."

"ಕೇಳಿಸ್ಕೊಂಡ್ಯಾಮ್ಮಾ? ಅನುಭವ ಅಂದ್ರೆ ಇದು."

"ಹೌದು ಮಾವ," ಎಂದಳು ಮಗಳು. "ಅಪ್ಪನ್ನ ಕೇಳ್ಬೇಕಿತ್ತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಒಂದಿಷ್ಟು ಕೊಂಕಿದ್ದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದರು. ಬೀಗರು ಅವರ ಕೈಚಳಕವನ್ನು ಹೊಗಳುತ್ತಾ ಹೋದರು. ಮೇಸ್ತ್ರಿ ನಾಚಿಕೆಯಿಂದ ಕುಗ್ಗಿಹೋಗಿದ್ದರು. ಆದರೂ ತಲೆಯಾಡಿಸುತ್ತಲೇ ಇದ್ದರು.